ಇ-ರೀಡರ್ ಕಲಬುರಗಿಯ ಪುಸ್ತಕದಂಗಡಿಗೆ ಯಾಕೆ ಬರಲಿಲ್ಲ

ಜರ್ಮನಿಯಲ್ಲಿ ತಕ್ಕಮಟ್ಟಿಗೆ ದೊಡ್ಡದಾದ ಯಾವ ಪುಸ್ತಕದಂಗಡಿಗೆ ಹೋದರೂ ಗಲ್ಲಾದ ಹತ್ತಿರದ ಮೇಜಿನ ಮೇಲೆ ಟೊಲಿನೊ ಎಂಬ ಇ-ರೀಡರ್, ಅಂದರೆ ಇ-ಪುಸ್ತಕ ಓದುವುದಕ್ಕೆಂದೇ ಮಾಡಿದ ಕೈಯಂತ್ರ, ಇರುತ್ತದೆ. ಗಿರಾಕಿ ಅದನ್ನು ಕೈಗೆತ್ತಿಕೊಂಡು ಪುಟ ತಿರುವಿ ನೋಡಬಹುದು. ಅಕ್ಷರ ದೊಡ್ಡದು ಮಾಡುವುದು ಹೇಗೆ, ಬೆಳಕು ಕಡಿಮೆ ಮಾಡುವುದು ಹೇಗೆ ಎಂದು ಅಂಗಡಿಯವರೇ ತೋರಿಸಿಕೊಡುತ್ತಾರೆ. ಮನೆಗೆ ಒಯ್ದ ಮೇಲೆ ಆ ಯಂತ್ರದೊಳಗಿನ ಅಂಗಡಿಯಲ್ಲಿ ಕೊಂಡ ಇ-ಪುಸ್ತಕದ ವ್ಯಾಪಾರವೂ ಯಂತ್ರ ಮಾರಿದ ಆ ಅಂಗಡಿಯ ಖಾತೆಗೇ ಸೇರುತ್ತದೆ. ಕಲಬುರಗಿಯ ಸರಸ್ವತಿ ಗೋದಾಮಿನ ಪುಸ್ತಕದಂಗಡಿಗಳ ಮುಂದೆ ನಿಂತರೆ ನನಗೆ ಮೊದಲು ನೆನಪಾಗುವುದು ಈ ಮೇಜು. ಅಲ್ಲಿ ಪುಸ್ತಕ ಗೊತ್ತಿರುವವರಿದ್ದಾರೆ, ಓದುವ ಗಿರಾಕಿಯ ಮುಖ ಗೊತ್ತಿರುವವರಿದ್ದಾರೆ. ಇ-ಪುಸ್ತಕದ ವ್ಯಾಪಾರ ಮಾತ್ರ ಅವರ ಕೈ ಮುಟ್ಟದೆ ಬೇರೆ ದಾರಿ ಹಿಡಿದು ಹೋಗಿದೆ.

ನಮ್ಮ ಕಡೆ ಈ ಮಾತು ತೆಗೆದರೆ, "ಪುಸ್ತಕ ಕೈಯಾಗ ಹಿಡಿದು ಓದಿದ್ರೇನೇ ಓದಿದಂಗ ಆಗ್ತದ್ರಿ" ಅನ್ನುತ್ತಾರೆ. ಜರ್ಮನರೂ ಅದನ್ನೇ ಅನ್ನುತ್ತಾರೆ. ಅಲ್ಲಿನ ಸಾಮಾನ್ಯ ಓದುಗರ ಪುಸ್ತಕ ಮಾರುಕಟ್ಟೆಯಲ್ಲಿ ಇ-ಪುಸ್ತಕದ ಪಾಲು ಹಲವು ವರ್ಷಗಳಿಂದ ನೂರಕ್ಕೆ ಆರರ ಆಸುಪಾಸಿನಲ್ಲೇ ಇದೆ. ಕಾಗದದ ಮೇಲಿನ ಪ್ರೀತಿ ಎರಡೂ ಕಡೆ ಒಂದೇ. ಓದುವ ಹವ್ಯಾಸ ನಮ್ಮಲ್ಲಿ ಕಡಿಮೆ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. 2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ, ಅದಕ್ಕೂ ಮೊದಲು 2006ರಲ್ಲಿ ಬೀದರಿನಲ್ಲಿ 72ನೆಯದು ನಡೆದವು. ಸಮ್ಮೇಳನದ ಪುಸ್ತಕ ಮಳಿಗೆಗಳ ಮುಂದಿನ ಜನಜಂಗುಳಿ ನೋಡಿದವರು ಈ ಭಾಗದವರಿಗೆ ಪುಸ್ತಕದ ಹಸಿವಿಲ್ಲ ಎಂದು ಹೇಳಲಾರರು. ಇ-ರೀಡರ್ ಒಂದು ದೇಶದಲ್ಲಿ ನೆಲೆಯೂರುವುದು, ಇನ್ನೊಂದರಲ್ಲಿ ಒಣಗುವುದು ನಿಂತಿರುವುದು ಬೇರೆ ಸಂಗತಿಗಳ ಮೇಲೆ: ಪುಸ್ತಕ ಮಾರುವವರು ಯಾರು, ಬೆಲೆ ಕಟ್ಟುವವರು ಯಾರು, ಗ್ರಂಥಾಲಯ ಎರವಲು ಕೊಡುತ್ತದೆಯೋ ಇಲ್ಲವೋ, ಆ ಭಾಷೆಯ ಅಕ್ಷರ ಪರದೆಯ ಮೇಲೆ ನೆಟ್ಟಗೆ ಮೂಡುತ್ತದೆಯೋ ಇಲ್ಲವೋ.

ಜರ್ಮನಿಯಲ್ಲಿ ಪುಸ್ತಕದ ಬೆಲೆ ಕಾನೂನಿನಿಂದ ಬಿಗಿಯಾಗಿದೆ. ಪ್ರಕಾಶಕ ಕಟ್ಟಿದ ಬೆಲೆಗೇ ಎಲ್ಲರೂ ಮಾರಬೇಕು. ಬರ್ಲಿನ್ನಿನ ದೊಡ್ಡ ಮಳಿಗೆಗೂ ಹಳ್ಳಿಯ ಮೂಲೆಯಂಗಡಿಗೂ ಆನ್‌ಲೈನ್ ದೈತ್ಯನಿಗೂ ಒಂದೇ ಬೆಲೆ. 2002ರ ಈ ಕಾನೂನಿಗೆ 2016ರಲ್ಲಿ ತಿದ್ದುಪಡಿ ತಂದು ಇ-ಪುಸ್ತಕವನ್ನೂ ಸ್ಪಷ್ಟವಾಗಿ ಸೇರಿಸಿದರು. ಫ್ರಾನ್ಸಿನಲ್ಲಿ ಮುದ್ರಿತ ಪುಸ್ತಕಕ್ಕೆ 1981ರಿಂದ, ಇ-ಪುಸ್ತಕಕ್ಕೆ 2011ರಿಂದ ಇಂಥದೇ ಕಾನೂನಿದೆ. ಬೆಲೆ ಎಲ್ಲೆಡೆ ಒಂದೇ ಆದಮೇಲೆ ಅಗ್ಗದ ಆಸೆಗೆ ಒಂದೇ ಕಂಪನಿಯ ಬಾಗಿಲಿಗೆ ಹೋಗಬೇಕಾದ ಕಾರಣವೇ ಉಳಿಯುವುದಿಲ್ಲ. ಗಿರಾಕಿ ಪರಿಚಯದ ಅಂಗಡಿಗೆ ಹೋಗುತ್ತಾನೆ. ಈ ನೆಲದ ಮೇಲೆಯೇ 2013ರ ಮಾರ್ಚ್‌ನಲ್ಲಿ ತಾಲಿಯಾ, ಹೂಗೆಂಡೂಬೆಲ್, ವೆಲ್ಟ್‌ಬಿಲ್ಡ್ ಮೊದಲಾದ ಪುಸ್ತಕ ವ್ಯಾಪಾರಿಗಳು ಡಾಯ್ಚೆ ಟೆಲಿಕಾಂ ಜೊತೆ ಸೇರಿ ಟೊಲಿನೊ ತಂದರು. ಒಬ್ಬರಿಗೊಬ್ಬರು ಪೈಪೋಟಿ ನಡೆಸುವ ವ್ಯಾಪಾರಿಗಳು ಯಂತ್ರದ ಮಟ್ಟಿಗೆ ಒಂದಾದರು. ಮುಂದೆ ಸಗಟು ವ್ಯಾಪಾರಿಯ ಮೂಲಕ ಸಣ್ಣ ಅಂಗಡಿಗಳಿಗೂ ಒಳಗೆ ಬರಲು ದಾರಿಯಾಯಿತು. 2017ರಲ್ಲಿ ಟೆಲಿಕಾಂ ಹೊರಗೆ ಹೋಗಿ, ಅದರ ಜಾಗಕ್ಕೆ ಕೆನಡಾ ಮೂಲದ, ಜಪಾನಿನ ರಾಕುಟೆನ್ ಒಡೆತನದ ಕೋಬೊ ಬಂತು.

ಎರಡನೆಯ ಕಂಬ ಗ್ರಂಥಾಲಯ. 2007ರಲ್ಲಿ ಶುರುವಾದ ಒನ್‌ಲೈಹೆ ಎಂಬ ವ್ಯವಸ್ಥೆಯಲ್ಲಿ ಊರಿನ ಗ್ರಂಥಾಲಯದ ಕಾರ್ಡ್ ಇದ್ದವರು ಮನೆಯಿಂದಲೇ ಇ-ಪುಸ್ತಕ ಎರವಲು ಪಡೆಯುತ್ತಾರೆ. ಒಂದು ಪರವಾನಗಿ ಪ್ರತಿ ಒಂದು ಹೊತ್ತಿಗೆ ಒಬ್ಬರಿಗೆ. ಅವಧಿ ಮುಗಿದ ದಿನ ಫೈಲ್ ತಾನಾಗಿ ಮುಚ್ಚಿಕೊಳ್ಳುತ್ತದೆ, ದಂಡದ ಮಾತಿಲ್ಲ. ಈ ಪುಸ್ತಕಗಳು ಇಪಬ್ ಎಂಬ ಇ-ಪುಸ್ತಕದ ಫೈಲ್ ರೂಪದಲ್ಲಿ, ನಕಲು ತಡೆಯುವ ಬೀಗದೊಂದಿಗೆ ಬರುತ್ತವೆ. ಟೊಲಿನೊ, ಕೋಬೊ, ಪಾಕೆಟ್‌ಬುಕ್ ಇವನ್ನು ತೆರೆಯುತ್ತವೆ, ಅಮೆಜಾನಿನ ಕಿಂಡಲ್ ಇ-ರೀಡರ್ ತೆರೆಯುವುದಿಲ್ಲ. ಅದಕ್ಕೇ ಜರ್ಮನಿಯಲ್ಲಿ ಇ-ರೀಡರ್ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ, "ಇದರಲ್ಲಿ ಗ್ರಂಥಾಲಯದ ಪುಸ್ತಕ ತೆರೆಯುತ್ತದೆಯೇ?" ದಪ್ಪ ರಟ್ಟಿನ ಹೊಸ ಕಾದಂಬರಿಗೆ ಅಲ್ಲಿ 24 ಯೂರೊ ಆಗುತ್ತದೆ ಅನ್ನಿ, ಯಂತ್ರಕ್ಕೆ 120 ಯೂರೊ ಅನ್ನಿ. ಕೊಳ್ಳಬೇಕೆಂದಿದ್ದ ಐದು ಕಾದಂಬರಿಯನ್ನು ಎರವಲು ಪಡೆದು ಓದಿದರೆ ಯಂತ್ರದ ದುಡ್ಡು ತಿರುಗಿ ಬಂದಂತೆಯೇ.

ಈ ಎರವಲು ಸಲೀಸು ಎಂದೇನೂ ಅಲ್ಲ. ಬಹುಕಾಲ ಬಳಕೆಯಲ್ಲಿದ್ದದ್ದು ಅಡೋಬಿಯ ಬೀಗ. ಗ್ರಂಥಾಲಯದ ಪುಟದಲ್ಲಿ ಪುಸ್ತಕ ಆರಿಸಿದರೆ ಕೈಗೆ ಸಿಗುವುದು ಒಂದೆರಡು ಕೆಬಿಯ ಚೀಟಿಯಂಥ ಫೈಲ್ ಮಾತ್ರ. ಅದನ್ನು ಅಡೋಬಿ ಡಿಜಿಟಲ್ ಎಡಿಷನ್ಸ್ ತಂತ್ರಾಂಶದಲ್ಲಿ ತೆರೆದಾಗ ಅಸಲಿ ಪುಸ್ತಕ ಇಳಿಯುತ್ತದೆ. ಆಮೇಲೆ ಕೇಬಲ್ ಹಾಕಿ ರೀಡರಿಗೆ ಎಳೆದು ಬಿಡಬೇಕು. ಕಂಪ್ಯೂಟರಿನಲ್ಲಿ ಒಂದು ಅಡೋಬಿ ಖಾತೆ, ರೀಡರಿನಲ್ಲಿ ಮನೆಯ ಇನ್ನೊಬ್ಬರ ಖಾತೆ ಇದ್ದರೆ ಪುಸ್ತಕ ಕಾಣಿಸುತ್ತದೆ, ತೆರೆಯುವುದಿಲ್ಲ. ತೊಡಕು ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ, ಎರಡೂ ಕಡೆ ಒಂದೇ ಖಾತೆ ಇದೆಯೇ ಎಂಬುದನ್ನು. ಈ ಕಿರಿಕಿರಿ ತಾಳಲಾರದೆ 2015ರ ಸುಮಾರಿಗೆ ಜರ್ಮನಿಯ ದೊಡ್ಡ ಪ್ರಕಾಶನ ಗುಂಪುಗಳು ಮಾರಾಟದ ಪುಸ್ತಕಗಳಿಗೆ ಬೀಗ ಬಿಟ್ಟು ನೀರಚ್ಚಿಗೆ ಹೋದವು: ಕೊಂಡವರ ಗುರುತು ಫೈಲಿನೊಳಗೆ ಅಡಗಿರುತ್ತದೆ, ಓದುವುದಕ್ಕೆ ಅಡ್ಡಿಯಿಲ್ಲ.

ಅಮೆರಿಕದ ಕತೆಯೇ ಬೇರೆ. ಅಲ್ಲಿ ಬೆಲೆ ಕಾನೂನಿಲ್ಲ. 2007ರ ನವೆಂಬರಿನಲ್ಲಿ ಅಮೆಜಾನ್ ಕಿಂಡಲ್ ತಂದಾಗ ಯಂತ್ರಕ್ಕೆ 399 ಡಾಲರ್, ಹೊಸದಾಗಿ ಬಂದ ಜನಪ್ರಿಯ ಪುಸ್ತಕಗಳಿಗೆ 9.99 ಡಾಲರ್. ಯಂತ್ರದೊಳಗೇ ಮೊಬೈಲ್ ಸಂಪರ್ಕ ಇತ್ತು, ಅದಕ್ಕೆ ತಿಂಗಳ ಬಿಲ್ ಇರಲಿಲ್ಲ. ಕಂಪ್ಯೂಟರ್ ಇಲ್ಲದೆ, ಕೇಬಲ್ ಇಲ್ಲದೆ ಒಂದು ನಿಮಿಷದಲ್ಲಿ ಪುಸ್ತಕ ಬಂದು ಬೀಳುತ್ತಿತ್ತು. ಬೆಲೆ ಯಾರು ಕಟ್ಟಬೇಕು ಎಂಬ ಜಗಳ ಕೋರ್ಟಿಗೆ ಹೋಯಿತು. ಆ್ಯಪಲ್ ಮತ್ತು ಐದು ದೊಡ್ಡ ಪ್ರಕಾಶಕರು ಸೇರಿ ಬೆಲೆ ಏರಿಸಿದರೆಂದು 2012ರಲ್ಲಿ ಅಲ್ಲಿನ ನ್ಯಾಯಾಂಗ ಇಲಾಖೆ ಮೊಕದ್ದಮೆ ಹೂಡಿತು, ಆ್ಯಪಲ್ ಕೊನೆಗೆ 45 ಕೋಟಿ ಡಾಲರ್ ಕಟ್ಟಬೇಕಾಯಿತು. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2021ರ ಸಮೀಕ್ಷೆಯಲ್ಲಿ ಹಿಂದಿನ ಒಂದು ವರ್ಷದೊಳಗೆ ಇ-ಪುಸ್ತಕ ಓದಿದೆವು ಎಂದವರು ನೂರಕ್ಕೆ 30, ಮುದ್ರಿತ ಪುಸ್ತಕ ಓದಿದೆವು ಎಂದವರು ನೂರಕ್ಕೆ 65. ಇಷ್ಟು ದೊಡ್ಡ ಇ-ಓದುಗ ಸಮುದಾಯ ಬೆಳೆದದ್ದು ಬಹುಪಾಲು ಒಂದೇ ಅಂಗಡಿಯ ಸುತ್ತ.

ಒಂದೇ ಅಂಗಡಿಯನ್ನು ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಅಲ್ಲಿಯದೇ. 2009ರ ಜುಲೈನಲ್ಲಿ ಹಕ್ಕಿನ ತಕರಾರಿನಿಂದಾಗಿ ಅಮೆಜಾನ್ ತಾನು ಮಾರಿದ ಕೆಲವು ಪುಸ್ತಕಗಳನ್ನು ಓದುಗರ ಕಿಂಡಲ್‌ಗಳಿಂದಲೇ ಅಳಿಸಿತು. ಹಣ ಮರಳಿಸಿತು ನಿಜ, ಓದುಗರು ಬರೆದುಕೊಂಡ ಟಿಪ್ಪಣಿಗಳಿಗೆ ಆಸರೆಯಾದ ಪುಸ್ತಕ ಹೋಯಿತು. 2019ರಲ್ಲಿ ಮೈಕ್ರೊಸಾಫ್ಟ್ ತನ್ನ ಇ-ಪುಸ್ತಕ ಅಂಗಡಿ ಮುಚ್ಚಿದಾಗ ಕೊಂಡ ಪುಸ್ತಕಗಳೆಲ್ಲ ಹೋದವು, ಅಲ್ಲೂ ಹಣ ಮಾತ್ರ ವಾಪಸ್. 2025ರ ಫೆಬ್ರವರಿಯಿಂದ ಕಿಂಡಲ್ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಕೇಬಲ್ಲಿನಿಂದ ಸಾಗಿಸುವ ಸೌಲಭ್ಯವೂ ನಿಂತಿತು. ಗ್ರಂಥಾಲಯಗಳಿಗೂ ಅಲ್ಲಿ ಹಗ್ಗಜಗ್ಗಾಟವೇ. ಒಂದು ದೊಡ್ಡ ಪ್ರಕಾಶನ ಸಂಸ್ಥೆ 2011ರಲ್ಲಿ, ಒಂದು ಪರವಾನಗಿ 26 ಎರವಲಿಗೆ ಮುಗಿಯುತ್ತದೆ, ಆಮೇಲೆ ಮತ್ತೆ ಕೊಳ್ಳಿ ಎಂದಿತು. ಆದರೂ ಅಮೆರಿಕದ ಗ್ರಂಥಾಲಯಗಳು 2011ರ ಸೆಪ್ಟೆಂಬರಿನಿಂದ ಕಿಂಡಲ್‌ಗೇ ಪುಸ್ತಕ ಎರವಲು ಕೊಡುತ್ತಿವೆ. ಅಮೆರಿಕದ ಹೊರಗೆ ಈ ಸೌಲಭ್ಯ ಇಲ್ಲ. ಅಲ್ಲಿರುವ ನೆಂಟರು "ಕಿಂಡಲ್ ತಗೊಳ್ರಿ, ಲೈಬ್ರರಿ ಪುಸ್ತಕ ಪುಕ್ಕಟೆ" ಎಂದು ಊರಿಗೆ ಫೋನಿನಲ್ಲಿ ಹೇಳುವಾಗ ಇದನ್ನು ಮರೆತಿರುತ್ತಾರೆ.

ಜಪಾನ್ ಇನ್ನೊಂದು ತುದಿ. ಇ-ಇಂಕ್ ಪರದೆಯ, ಅಂದರೆ ಕಾಗದದ ಮೇಲಿನ ಮಸಿಯಂತೆ ಕಾಣುವ ಪರದೆಯ, ಮೊದಲ ರೀಡರ್ ಮಾರಾಟಕ್ಕೆ ಬಂದದ್ದೇ ಅಲ್ಲಿ, 2004ರಲ್ಲಿ ಸೋನಿಯ ಲಿಬ್ರಿಯೆ. ಅದರ ಪುಸ್ತಕಗಳು 60 ದಿನಕ್ಕೆ ತಾವಾಗಿ ಮುಚ್ಚಿಹೋಗುತ್ತಿದ್ದವು, ಜನ ಕೊಳ್ಳಲಿಲ್ಲ. ಈಗ ಅಲ್ಲಿನ ಇ-ಪ್ರಕಾಶನ ವಹಿವಾಟಿನ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಮಾಂಗಾ ಚಿತ್ರಕತೆಗಳದು. ಅವನ್ನು ಓದುವುದು ಮೊಬೈಲಿನಲ್ಲಿ. ಅಲ್ಲಿ ಮುದ್ರಿತ ಪುಸ್ತಕಕ್ಕೆ ನಿಗದಿ ಬೆಲೆ ಉಂಟು, ಇ-ಪುಸ್ತಕಕ್ಕೆ ಆ ಕಟ್ಟು ಇಲ್ಲ. ಹಾಗಾಗಿ ರಿಯಾಯಿತಿ, ಪಾಯಿಂಟುಗಳ ಪೈಪೋಟಿಯೆಲ್ಲ ಇ-ಪುಸ್ತಕದ ಕಡೆಗೇ. ಚೀನಾದಲ್ಲಿ ಕಿಂಡಲ್ 2013ರಲ್ಲಿ ಬಂದು, 2023ರ ಜೂನ್ 30ಕ್ಕೆ ಅಂಗಡಿ ಮುಚ್ಚಿತು. ಅಲ್ಲಿ ಸಾವಿರ ಅಕ್ಷರಕ್ಕೆ ಇಷ್ಟು ಎಂದು ದುಡ್ಡು ಕೊಟ್ಟು ಧಾರಾವಾಹಿ ಕಾದಂಬರಿಯನ್ನು ಮೊಬೈಲಿನಲ್ಲಿ ಓದುವ ರೂಢಿ ಮೊದಲೇ ಬೇರುಬಿಟ್ಟಿತ್ತು. ಸ್ವೀಡನ್ನಿನವರು ಚಂದಾ ಕಟ್ಟಿ ಕೇಳುವ ಪುಸ್ತಕಕ್ಕೆ ಒಲಿದಿದ್ದಾರೆ.

ತೆರಿಗೆಯೂ ಸಣ್ಣ ಮಾತಲ್ಲ. ಬ್ರಿಟನ್ನಿನಲ್ಲಿ 2020ರ ಮೇ 1ರಿಂದ ಇ-ಪುಸ್ತಕಕ್ಕೂ ಮುದ್ರಿತ ಪುಸ್ತಕದಂತೆ ಶೂನ್ಯ ತೆರಿಗೆ. ಜರ್ಮನಿಯಲ್ಲಿ 2019ರ ಡಿಸೆಂಬರಿನಿಂದ ನೂರಕ್ಕೆ 19 ಇದ್ದದ್ದು 7ಕ್ಕೆ ಇಳಿಯಿತು. ಭಾರತದಲ್ಲಿ ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ 18 ಇತ್ತು, 2018ರ ಜುಲೈನಿಂದ 5ಕ್ಕೆ ಇಳಿಸಿದರು, ಅದೂ ಆ ಪುಸ್ತಕದ ಮುದ್ರಿತ ಆವೃತ್ತಿ ಇದ್ದರೆ ಮಾತ್ರ. ಅಂದರೆ ಯಾದಗಿರಿಯ ಒಬ್ಬ ಹೊಸ ಕವಿ ಮುದ್ರಣದ ಖರ್ಚು ತಾಳಲಾರದೆ ನೇರ ಇ-ಪುಸ್ತಕವಾಗಿಯೇ ಸಂಕಲನ ತಂದರೆ ಅವನ ಪುಸ್ತಕಕ್ಕೆ ಹೆಚ್ಚು ತೆರಿಗೆ, ಅಚ್ಚು ಹಾಕಿಸುವ ತಾಕತ್ತಿದ್ದವನ ಪುಸ್ತಕಕ್ಕೆ ಕಡಿಮೆ. ಇದು ಅನ್ಯಾಯ.

ಈಗ ನಮ್ಮ ಊರಿನ ಲೆಕ್ಕ. 2025ರ ಏಪ್ರಿಲ್‌ನಲ್ಲಿ ಹೊಸ ಕಿಂಡಲ್ ಪೇಪರ್‌ವೈಟ್ ಭಾರತಕ್ಕೆ ಬಂದಾಗ ಅದರ ಬೆಲೆ 16,999 ರೂಪಾಯಿ. ಕನ್ನಡದ ಒಂದು ಕಾದಂಬರಿಗೆ 200 ರೂಪಾಯಿ, ಅದರ ಇ-ಪುಸ್ತಕಕ್ಕೆ 120 ಎಂದು ಇಟ್ಟುಕೊಳ್ಳಿ. ಪುಸ್ತಕಕ್ಕೆ ಉಳಿಯುವುದು 80. ಯಂತ್ರದ ದುಡ್ಡು ಹುಟ್ಟಬೇಕಾದರೆ 213 ಪುಸ್ತಕ ಓದಬೇಕು, ತಿಂಗಳಿಗೊಂದರಂತೆ ಓದಿದರೆ ಹದಿನೇಳು ವರ್ಷ ದಾಟುತ್ತದೆ. ಜರ್ಮನಿಯಲ್ಲಿ ಐದು ಪುಸ್ತಕಕ್ಕೆ ಮುಗಿಯುವ ಲೆಕ್ಕ ಇದು. ಮೊಬೈಲು ಹೇಗೂ ಕೈಯಲ್ಲಿದೆ, 2016ರ ನಂತರ ಡೇಟಾ ಅಗ್ಗ. ಹೀಗಿರುವಾಗ ಕಲಬುರಗಿಯ ಓದುಗ ಇ-ರೀಡರ್ ಕೊಳ್ಳದಿರುವುದು ಹಿಂದುಳಿದಿರುವಿಕೆ ಹೇಗಾದೀತು? ಲೆಕ್ಕ ಬಲ್ಲವರು ಮಾಡುವುದೇ ಅದು.

ದುಡ್ಡು ಇದ್ದವರಿಗೂ ಕನ್ನಡ ಸಿಗಬೇಕಲ್ಲ. ಅಮೆಜಾನ್ 2016ರ ಡಿಸೆಂಬರಿನಲ್ಲಿ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂದು ಐದು ಭಾಷೆ ಸೇರಿಸಿತು. ಕನ್ನಡ ಅದರಲ್ಲಿರಲಿಲ್ಲ. ಬೀದರಿನಲ್ಲಿ ಪಕ್ಕದ ಮನೆಯವರ ಮರಾಠಿಗೆ ಬಾಗಿಲು ತೆರೆಯಿತು, ನಮ್ಮ ಕನ್ನಡಕ್ಕೆ ತೆರೆಯಲಿಲ್ಲ. ಕನ್ನಡದ ಇ-ಪುಸ್ತಕ ಬೆಳೆದದ್ದು ಮೈಲ್ಯಾಂಗ್, ವಿವಿಡ್‌ಲಿಪಿಯಂಥ ನಮ್ಮವರೇ ಕಟ್ಟಿದ ವೇದಿಕೆಗಳಿಂದ. ಮೈಲ್ಯಾಂಗ್ ಥರದ್ದು ಮೊಬೈಲ್ ಆ್ಯಪ್, ಪುಸ್ತಕ ಅದರೊಳಗೇ ತೆರೆಯುತ್ತದೆ, ಕಿಂಡಲ್ಲಿಗೋ ಕೋಬೊಗೋ ಹೋಗುವುದಿಲ್ಲ. ಆದ್ದರಿಂದ ಕನ್ನಡ ಓದುವುದಕ್ಕೆಂದೇ ಇ-ಇಂಕ್ ಯಂತ್ರ ಬೇಕೆನ್ನುವವರಿಗೆ ನನ್ನ ಸಲಹೆ: ಬೂಕ್ಸ್ ತರಹದ, ಆ್ಯಂಡ್ರಾಯ್ಡ್ ಇರುವ ಇ-ಇಂಕ್ ರೀಡರ್ ನೋಡಿ, ಅದರಲ್ಲಿ ಈ ಆ್ಯಪ್‌ಗಳನ್ನೇ ಹಾಕಿಕೊಳ್ಳಬಹುದು. ಬ್ಯಾಟರಿ ಕಿಂಡಲ್ಲಿನಂತೆ ವಾರಗಟ್ಟಲೆ ಬರುವುದಿಲ್ಲ, ಆ್ಯಪಿನಲ್ಲಿ ಪುಟ ಸರಿಯುವಾಗ ಹಿಂದಿನ ಅಕ್ಷರದ ನೆರಳು ಉಳಿಯಬಹುದು. ಪರದೆ ತಾಜಾ ಮಾಡುವ ಸೆಟ್ಟಿಂಗಿನಲ್ಲಿ ಪ್ರತಿ ಐದಾರು ಪುಟಕ್ಕೊಮ್ಮೆ ಪೂರ್ತಿ ಒರೆಸುವಂತೆ ಇಟ್ಟರೆ ನೆರಳು ಹೋಗುತ್ತದೆ.

ಯಾವ ಯಂತ್ರವನ್ನಾದರೂ ಕೊಳ್ಳುವ ಮುಂಚೆ, ಗೆಳೆಯರ ಹತ್ತಿರ ಇದ್ದರೆ ಅದರಲ್ಲಿ ಈ ಒಂದು ಸಾಲು ಹಾಕಿ ನೋಡಿ: ಜ್ಞಾನ, ಸ್ತ್ರೀ, ಸೂರ್ಯ, ರ‍್ಯಾಂಕ್, ರಾಷ್ಟ್ರ, ಸಾಫ್ಟ್‌ವೇರ್. ಸ್ತ್ರೀ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಯುನಿಕೋಡಿನಲ್ಲಿ ಅದು ಸ, ವಿರಾಮ (ಅರ್ಧಾಕ್ಷರದ ಚಿಹ್ನೆ), ತ, ವಿರಾಮ, ರ, ಈಕಾರ ಎಂದು ಆರು ಸಂಕೇತ. ಇವನ್ನು ಜೋಡಿಸಿ ಒತ್ತು ಕೆಳಗೆ ಕೂಡಿಸುವ ಕೆಲಸ ಯಂತ್ರದ ತಂತ್ರಾಂಶದ್ದು. ಅದು ಬರದ ಯಂತ್ರದಲ್ಲಿ ಸ್ ತ್ ರೀ ಎಂದು ಬಿಡಿಬಿಡಿಯಾಗಿ ಚೆಲ್ಲಿಕೊಳ್ಳುತ್ತದೆ. ಸೂರ್ಯದಲ್ಲಿ ಅರ್ಕಾವತ್ತು ಯ ಆದಮೇಲೆ ಬರಬೇಕು, ರ‍್ಯಾಂಕಿನಲ್ಲಿ ರ ಪೂರ್ತಿಯಾಗಿ ನಿಂತು ಯ ಒತ್ತಾಗಬೇಕು. ಆರೂ ಪದ ಸರಿ ಬಂದರೆ ಕನ್ನಡ ಓದಬಹುದು. ಕೋಬೊದಲ್ಲಿ ಕನ್ನಡದ ಫಾಂಟ್ ಹಾಕಲು ಕೇಬಲ್ ಜೋಡಿಸಿ, ಯಂತ್ರದ ಮೂಲ ಫೋಲ್ಡರಿನಲ್ಲಿ ಫಾಂಟ್ಸ್ ಹೆಸರಿನ ಫೋಲ್ಡರ್ ಮಾಡಿ ನೋಟೊ ಸೆರಿಫ್ ಕನ್ನಡವನ್ನೋ ಟೈರೊ ಕನ್ನಡವನ್ನೋ ಹಾಕಿದರಾಯಿತು. ಕಿಂಡಲ್ಲಿನಲ್ಲೂ 2018ರಿಂದ ಹೀಗೆ ಫಾಂಟ್ ಸೇರಿಸಬಹುದು. ಅಕ್ಷರ ಒಡೆದು ಬರುತ್ತಿದ್ದರೆ ಕೆಓರೀಡರ್ ಎಂಬ ಮುಕ್ತ ತಂತ್ರಾಂಶ ಹಾಕಿ ನೋಡಿ, ಅದರ ಅಕ್ಷರಜೋಡಣೆ ನಮ್ಮ ಲಿಪಿಗಳನ್ನು ಬಲ್ಲದು. ಸಾಲಿನ ನಡುವಿನ ಅಂತರವನ್ನು ಅಕ್ಷರದ ಎತ್ತರದ 1.6ರಿಂದ 1.8 ಪಟ್ಟು ಇಡಬೇಕು. ಇಂಗ್ಲಿಷಿಗೆ ಸಾಕಾಗುವ 1.3ರಲ್ಲಿ ರಾಷ್ಟ್ರದ ಎರಡು ಅಂತಸ್ತಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಬೀದರ್, ಕಲಬುರಗಿಯ ಎಷ್ಟೋ ಮನೆಗಳಲ್ಲಿ ಉರ್ದು ಓದುವವರಿದ್ದಾರೆ. ಅವರಿಗೆ ಈ ತೊಡಕು ಇನ್ನೂ ಹೆಚ್ಚು, ನಸ್ತಾಲೀಕ್ ಬರಹ ಎಡಕ್ಕೆ ಇಳಿಜಾರಾಗಿ ಹರಿಯುವುದರಿಂದ ಸಾಲಿಗೆ ಇನ್ನಷ್ಟು ಜಾಗ ಬೇಕು.

ಹಳೆಯ ಕನ್ನಡ ಪುಸ್ತಕಗಳು ನಮಗೆ ಸಿಗುವುದು ಹೆಚ್ಚಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ. ಹಕ್ಕಿನ ಅವಧಿ ಮುಗಿದ ಬಹಳಷ್ಟು ಪುಸ್ತಕ ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ. ಇವನ್ನು ಆರು ಇಂಚಿನ ರೀಡರಿನಲ್ಲಿ ತೆರೆದು ಕಣ್ಣು ಕಿರಿದು ಮಾಡಿ ಬೇಸತ್ತು ಯಂತ್ರವನ್ನೇ ಬೈಯುವವರು ಬಹಳ. ತಪ್ಪು ಅಳತೆಯದು. ಡೆಮಿ 1/8 ಪುಸ್ತಕದ ಪುಟ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ. ಆರು ಇಂಚಿನ ಪರದೆ 3.6 ಅಗಲ, 4.8 ಎತ್ತರ. ಇಡೀ ಪುಟ ಕೂರಿಸಿದರೆ ಎತ್ತರ 0.56 ಪಟ್ಟಿಗೆ ಕುಗ್ಗಿ 12 ಪಾಯಿಂಟಿನ ಅಕ್ಷರ ಏಳಕ್ಕಿಂತ ಕೆಳಗಿಳಿಯುತ್ತದೆ. ಸುತ್ತಲಿನ ಖಾಲಿ ಅಂಚು ಕತ್ತರಿಸಿ ಬರಹದ ಭಾಗವನ್ನಷ್ಟೇ ಉಳಿಸಿಕೊಳ್ಳಿ, ಅದು ಸುಮಾರು 4 ಇಂಚು ಅಗಲ ಇರುತ್ತದೆ. ಆಮೇಲೆ ಯಂತ್ರವನ್ನು ಅಡ್ಡ ತಿರುಗಿಸಿ. 4.8 ಇಂಚಿನ ಉದ್ದಕ್ಕೆ 4 ಇಂಚಿನ ಸಾಲು ಹರಡಿ 12 ಪಾಯಿಂಟು 14 ಆಗುತ್ತದೆ. ಒಂದು ಪುಟ ಎರಡು ಮೂರು ತಿರುವಿಗೆ ಮುಗಿಯುತ್ತದೆ, ಕಣ್ಣಿಗೆ ಹಾಯೆನಿಸುತ್ತದೆ. ಈ ಕತ್ತರಿಕೆ ಕೆಓರೀಡರಿನಲ್ಲೇ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಮಾತ್ರ ಈ ಸಣ್ಣ ಯಂತ್ರ ಬೇಡವೆನ್ನುತ್ತೇನೆ. ನಕ್ಷೆ, ಕೋಷ್ಟಕ, ಹಿಂದೆ ಮುಂದೆ ಪುಟ ಹಾರುವುದು ಇದರಲ್ಲಿ ಆಗದ ಕೆಲಸ.

ನಮ್ಮ ಬಿಸಿಲಿನಲ್ಲಿ ಇ-ಇಂಕ್ ಪರದೆ ಚೆನ್ನಾಗಿ ಕಾಣುತ್ತದೆ, ಅಂಗಳದ ಬೇವಿನ ಕೆಳಗೆ ಕೂತರೂ ಕಾಗದದಂತೆಯೇ. ಆದರೆ ಕಿಂಡಲ್ ಓಡಬೇಕಾದ ಉಷ್ಣಾಂಶ 0ಯಿಂದ 35 ಡಿಗ್ರಿ, ಸುಮ್ಮನೆ ಇಡಲು 45ರವರೆಗೆ. ಮೇ ತಿಂಗಳ ಕಲಬುರಗಿ 42 ದಾಟುತ್ತದೆ. ನಿಲ್ಲಿಸಿದ ಕಾರಿನ ಒಳಗೆ, ತಗಡಿನ ಮಾಡಿನ ಕೆಳಗೆ ಅದಕ್ಕೂ ಹೆಚ್ಚು. ಬ್ಯಾಟರಿ ಉಬ್ಬುವುದು ಇಂಥ ಕಡೆ. ಮಧ್ಯಾಹ್ನ ಬಿಸಿಲಲ್ಲಿ ಚಾರ್ಜಿಗೆ ಹಾಕಬೇಡಿ. ರಾತ್ರಿ, ಸಾಮಾನ್ಯ 5 ವೋಲ್ಟಿನ ಚಾರ್ಜರಿನಲ್ಲಿ ಹಾಕಿ. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಅರ್ಧ ಚಾರ್ಜು ಇರಲಿ, ಪೂರ್ತಿ ಬತ್ತಿದ ಬ್ಯಾಟರಿ ಏಳದೇ ಹೋಗಬಹುದು. ಹೆಚ್ಚಿನ ರೀಡರುಗಳ ಪರದೆಯ ಹಿಂದೆ ತೆಳುವಾದ ಗಾಜಿನ ಹಾಳೆ ಇದೆ. ಬಸ್ಸಿನಲ್ಲಿ ಚೀಲದ ಮೇಲೆ ಯಾರಾದರೂ ಒರಗಿದರೆ ಮೇಲ್ಮೈಯಲ್ಲಿ ಗೀರೂ ಕಾಣದೆ ಒಳಗಿನದು ಒಡೆಯುತ್ತದೆ, ಪರದೆಯ ಅರ್ಧ ಭಾಗ ಪಟ್ಟೆಪಟ್ಟೆಯಾಗಿ ನಿಂತುಬಿಡುತ್ತದೆ. ಗಟ್ಟಿ ಹೊದಿಕೆ ಯಂತ್ರದ ಜೊತೆಗೇ ಕೊಳ್ಳಿ.

ಹೊರನಾಡಿನಲ್ಲಿರುವವರಿಗೆ ಬೇರೊಂದು ತೊಡಕು, ದುಡ್ಡು ಕಟ್ಟುವುದು. ಕನ್ನಡದ ವೇದಿಕೆಗಳಿಗೆ ಯುಪಿಐ ಸಲೀಸು. 2023ರ ಜನವರಿಯಲ್ಲಿ ಹೊರದೇಶದ ಮೊಬೈಲ್ ಸಂಖ್ಯೆಯಿಂದಲೂ ಅನಿವಾಸಿ ಖಾತೆಗೆ ಯುಪಿಐ ಜೋಡಿಸಲು ಒಪ್ಪಿಗೆ ಸಿಕ್ಕಿತು. ಆಗಿನ ಹತ್ತು ದೇಶಗಳ ಪಟ್ಟಿಯಲ್ಲಿ ಅಮೆರಿಕ, ಕೆನಡಾ, ಬ್ರಿಟನ್, ಯುಎಇ, ಸೌದಿ ಇದ್ದವು, ಜರ್ಮನಿ ಇರಲಿಲ್ಲ. ಪ್ರಕಾಶಕರು ವಿದೇಶಿ ಕಾರ್ಡ್ ಒಪ್ಪುವ ಒಂದು ಕಿಂಡಿಯನ್ನೂ ಇಟ್ಟರೆ ಒಳ್ಳೆಯದು. ಹೊರಗಿರುವ ಕನ್ನಡಿಗರು ಅಗ್ಗಕ್ಕಾಗಿ ಕಾದಿಲ್ಲ. ಒಂದು ಕೆಜಿ ಪುಸ್ತಕ ತರಿಸುವ ಅಂಚೆ ಖರ್ಚು ಪುಸ್ತಕದ ಬೆಲೆಯನ್ನೇ ಮೀರುವಾಗ, 200ರ ಕಾದಂಬರಿಗೆ 200 ಕೊಟ್ಟೇ ಇ-ಪುಸ್ತಕ ಕೊಳ್ಳುವವರು ನಾವು.

ಹಾಗಾದರೆ ನಮ್ಮ ಕಡೆಯ ಪ್ರಕಾಶಕರು ಇ-ಪುಸ್ತಕ ಯಾಕೆ ಮಾಡುತ್ತಿಲ್ಲ? ಕಾರಣ ಎರಡು. ಕನ್ನಡ ಪ್ರಕಾಶನಕ್ಕೆ ದೊಡ್ಡ ಆಸರೆ ಗ್ರಂಥಾಲಯ ಇಲಾಖೆಯ ಸಗಟು ಖರೀದಿ, ಅಲ್ಲಿ ಬೆಲೆ ನಿಲ್ಲುವುದು ಪುಟದ ಲೆಕ್ಕದ ಮೇಲೆ. ಇ-ಪುಸ್ತಕಕ್ಕೆ ಪುಟವೇ ಇಲ್ಲ. ಇನ್ನೊಂದು ಫೈಲಿನದು. ಪುಸ್ತಕ ಡಿಟಿಪಿ ಆಗುವುದು ಪೇಜ್‌ಮೇಕರಿನಲ್ಲಿ, ನುಡಿ ತಂತ್ರಾಂಶದ ಹಳೆಯ ಸಂಕೇತದ ಫಾಂಟಿನಲ್ಲಿ. ಪರದೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಚಿಹ್ನೆಗಳು. ಇದನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ಆದರೆ ಪರಿವರ್ತಿಸಿದ್ದನ್ನು ಹಾಗೇ ಬಿಡುವಂತಿಲ್ಲ. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ಹಿಂದೆ ಕೂತಿರುತ್ತದೆ, ಯುನಿಕೋಡಿನಲ್ಲಿ ರಕಾರ ಮುಂಚೆ ಬರಬೇಕು. ಇಲ್ಲಿ ತಪ್ಪಿದರೆ ಧರ್ಮ, ಕರ್ಮ ಎರಡೂ ಕೆಡುತ್ತವೆ. ನಡುವೆ ಬಂದ ಇಂಗ್ಲಿಷ್ ಹೆಸರುಗಳು ಅರ್ಥವಿಲ್ಲದ ಕನ್ನಡವಾಗುತ್ತವೆ. ಸೊನ್ನೆಗೂ ಅನುಸ್ವಾರಕ್ಕೂ ಆಕಾರ ಒಂದೇ ಆದ್ದರಿಂದ ಬೆರಳಚ್ಚು ಮಾಡಿದವರು ಒಂದರ ಬದಲು ಇನ್ನೊಂದು ಒತ್ತಿರುತ್ತಾರೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಹುಡುಕಿದಾಗ ಪದ ಸಿಗುವುದಿಲ್ಲ. ಹಳೆಯ ಮೊಳೆ ಅಚ್ಚಿನ ಪುಸ್ತಕವನ್ನು ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟರೆ ಹೊಟ್ಟೆ ಸೀಳಿದ ಅಕ್ಷರಗಳಲ್ಲೇ ತಪ್ಪು ಹೆಚ್ಚು. ಸೀಳಿನಲ್ಲಿ ಮಸಿ ತುಂಬಿ ಧ ಇದ್ದದ್ದು ದ, ಭ ಇದ್ದದ್ದು ಬ ಆಗಿರುತ್ತದೆ.

ಇಷ್ಟು ತಿದ್ದಿದ ಮೇಲೆ ಉಳಿಯುವ ಕೆಲಸ ಸಣ್ಣದು. ಲಿಬ್ರೆ ಆಫೀಸಿನಲ್ಲಿ ಅಧ್ಯಾಯದ ತಲೆಬರಹಗಳಿಗೆ ತಲೆಬರಹದ ಶೈಲಿಯನ್ನೇ ಕೊಟ್ಟು, ಭಾಷೆ ಕನ್ನಡ ಎಂದು ಗುರುತಿಸಿ, ಇಪಬ್ ಆಗಿ ಉಳಿಸಬೇಕು. ಆಮೇಲೆ ಸಿಗಿಲ್ ತಂತ್ರಾಂಶದಲ್ಲಿ ತೆರೆದು ಮುಕ್ತ ಪರವಾನಗಿಯ ಕನ್ನಡ ಫಾಂಟ್ ಒಳಗೆ ಸೇರಿಸಬೇಕು. ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್ ಬೇಕಾದರೂ 200 ಪುಟದ ಕಾದಂಬರಿಯ ಬರಹ ಒಂದು ಎಂಬಿ ದಾಟುವುದಿಲ್ಲ. ಅದೇ ಪುಸ್ತಕದ ಸ್ಕ್ಯಾನ್ ಹತ್ತಾರು ಎಂಬಿ. ಮಾರಾಟದ ಒಪ್ಪಂದದಲ್ಲಿ ಎಂಬಿಗೆ ಇಷ್ಟು ಎಂದು ಸಾಗಣೆ ಶುಲ್ಕ ಮುರಿದುಕೊಳ್ಳುವ ಅಂಗಡಿಗಳಿವೆ, ಅಲ್ಲಿ ಈ ವ್ಯತ್ಯಾಸ ಲೇಖಕರ ಜೇಬಿಗೇ ತಾಗುತ್ತದೆ.

ಕಲಬುರಗಿಯ ಪುಸ್ತಕದಂಗಡಿಗೆ ಬೇಕಾದದ್ದು ದುಬಾರಿ ಯಂತ್ರ ತುಂಬಿದ ಮೇಜಲ್ಲ. ಪ್ರಕಾಶಕರಿಂದ ನೀರಚ್ಚಿನ ಇಪಬ್ ಪಡೆದು, ಗಿರಾಕಿ ಯುಪಿಐನಲ್ಲಿ ದುಡ್ಡು ಕೊಟ್ಟ ಕೂಡಲೇ ಅವರ ಮೊಬೈಲಿಗೆ ಕೊಂಡಿ ಕಳಿಸುವ ಏರ್ಪಾಡು ಸಾಕು, ಕಮಿಷನ್ ಅಂಗಡಿಗೇ ಉಳಿಯಲಿ. ಗ್ರಂಥಾಲಯ ಇಲಾಖೆ 2020ರಲ್ಲಿ ಡಿಜಿಟಲ್ ಗ್ರಂಥಾಲಯ ತೆರೆದಿದೆ. ನಾವು ಆಸ್ತಿ ತೆರಿಗೆಯ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಸಗಟು ಖರೀದಿಯಲ್ಲಿ ಆಯ್ಕೆಯಾದ ಪ್ರತಿ ಪುಸ್ತಕದ ಇಪಬ್‌ಗೂ ಇಷ್ಟು ಎರವಲಿಗೆ ಇಷ್ಟು ಹಣ ಎಂದು ದರ ಕಟ್ಟಿ, ಜಿಲ್ಲಾ ಗ್ರಂಥಾಲಯದಿಂದ ಹಳ್ಳಿಯ ಅರಿವು ಕೇಂದ್ರ ಎಂಬ ಪಂಚಾಯಿತಿ ಗ್ರಂಥಾಲಯದವರೆಗೆ ಕೊಟ್ಟರೆ ಸೇಡಂ, ಔರಾದ್, ಶೋರಾಪುರದ ಓದುಗರಿಗೆ ಪುಸ್ತಕ ತಲುಪುತ್ತದೆ, ಪ್ರಕಾಶಕರಿಗೆ ದುಡ್ಡೂ ತಲುಪುತ್ತದೆ. ವಚನಗಳ ಮಟ್ಟಿಗೆ ಇದು ಆಗಲೇ ಸಾಧ್ಯವಾಗಿದೆ. ವಚನ ಸಂಚಯ ಎಂಬ ಜಾಲತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಯುನಿಕೋಡಿನಲ್ಲಿ ಪದ ಹಿಡಿದು ಹುಡುಕಲು ಸಿಗುತ್ತವೆ.

ಲೇಖಕರಿಗೆ ಒಂದು ಮಾತು. ಪುಸ್ತಕ ಅಚ್ಚಿಗೆ ಹೋದ ದಿನವೇ ಕೊನೆಯ ತಿದ್ದುಪಡಿಯಾದ ಫೈಲನ್ನು ಡಿಟಿಪಿಯವರಿಂದ ಕೇಳಿ ಪಡೆಯಿರಿ. ಪೇಜ್‌ಮೇಕರ್ ಫೈಲ್, ಅದಕ್ಕೆ ಬಳಸಿದ ಫಾಂಟ್, ಮುಖಪುಟದ ಚಿತ್ರ ಮೂರೂ ಬೇಕು. ಡಿಟಿಪಿ ಕೇಂದ್ರದ ಕಂಪ್ಯೂಟರ್ ಬದಲಾದ ಮೇಲೆ ಆ ಫೈಲ್ ಮತ್ತೆ ಸಿಗುವುದಿಲ್ಲ, ಪುಸ್ತಕವನ್ನು ಮೊದಲಿನಿಂದ ಕುಟ್ಟಿಸಬೇಕಾಗುತ್ತದೆ. ಪ್ರಕಾಶಕರ ಜೊತೆಗಿನ ಕರಾರಿನಲ್ಲಿ ಇ-ಪುಸ್ತಕದ ಹಕ್ಕನ್ನು ಬೇರೆ ಸಾಲಿನಲ್ಲಿ ಬರೆಸಿ, ಅವರು ಎರಡು ವರ್ಷದೊಳಗೆ ಇಪಬ್ ತರದಿದ್ದರೆ ಆ ಹಕ್ಕು ನಿಮಗೆ ಮರಳುತ್ತದೆ ಎಂದು ಸೇರಿಸಿ.